ಹೋಗುವಾಗ ಹನ್ನೊಂದು ಗಂಟೆ, ಬರುವಾಗ ಹತ್ತು

ಸಿಂಧನೂರಿನಲ್ಲಿ ಬಸ್ಸು ಹತ್ತಿದರೆ ಮಸ್ಕಿ, ಮಸ್ಕಿ ದಾಟಿದರೆ ಲಿಂಗಸುಗೂರು. ಒಟ್ಟು ಐವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಹೋಗಲು ಎಷ್ಟು ಹೊತ್ತು ಬೇಕೋ ಬರಲೂ ಅಷ್ಟೇ ಹೊತ್ತು. ಮಸ್ಕಿಯಲ್ಲಿ ಡ್ರೈವರು ಚಹಾಕ್ಕೆ ಇಳಿದರೆ ಐದು ಹತ್ತು ನಿಮಿಷ ಆಚೀಚೆ ಆಗಬಹುದು, ಅಷ್ಟೇ. ಇದರಲ್ಲಿ ಯಾರಿಗೂ ಒಗಟು ಕಾಣುವುದಿಲ್ಲ.

ಒಗಟು ಶುರುವಾಗುವುದು ಈ ಊರುಗಳಿಂದ ರಾತ್ರಿ ಬಸ್ಸಿಗೆ ಬೆಂಗಳೂರು ಸೇರಿ, ಅಲ್ಲಿಂದ ವಿಮಾನ ಹತ್ತುವವರ ಮನೆಗಳಲ್ಲಿ. ಬೆಂಗಳೂರಿನಿಂದ ಲಂಡನ್ನಿಗೆ ಹೋಗುವ ಟಿಕೆಟ್ಟಿನಲ್ಲಿ ಹನ್ನೊಂದು ಗಂಟೆಯ ಹತ್ತಿರ ಹತ್ತಿರ ಎಂದಿರುತ್ತದೆ. ಅದೇ ಕಂಪನಿಯ ಅದೇ ಬಗೆಯ ವಿಮಾನ ತಿರುಗಿ ಬರುವಾಗ ಹತ್ತು ಗಂಟೆ, ಕೆಲವೊಮ್ಮೆ ಅದಕ್ಕೂ ಕಡಿಮೆ. ಊರು ಎರಡೂ ಇದ್ದಲ್ಲೇ ಇವೆ, ದೂರ ಬದಲಾಗಿಲ್ಲ. ಆ ಒಂದು ಗಂಟೆ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಭೂಮಿ ತಿರಗತೈತಲ್ಲ, ಅದಕ್ಕ." ಉಳಿದವರು ಹೌದೆಂದು ತಲೆಯಾಡಿಸುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಈ ಉತ್ತರ ತಪ್ಪು. ಆದರೆ ಪೂರ್ತಿ ತಪ್ಪಲ್ಲ ಎಂಬುದೇ ಸ್ವಾರಸ್ಯ. ಭೂಮಿಯ ತಿರುಗಾಟಕ್ಕೂ ಆ ಒಂದು ಗಂಟೆಗೂ ನಂಟಿದೆ, ನೇರ ನಂಟಲ್ಲ, ನಡುವೆ ಇನ್ನೊಬ್ಬರಿದ್ದಾರೆ. ಅವರನ್ನು ಹಿಡಿಯುವ ಮುಂಚೆ ದೂರದ ಲೆಕ್ಕವನ್ನು ಸರಿಮಾಡಿಕೊಳ್ಳಬೇಕು. ಹೊತ್ತಿನ ವಿಷಯದಲ್ಲಿ ನಾವು ಮೋಸಹೋಗುವ ಮೊದಲೇ ದೂರದ ವಿಷಯದಲ್ಲಿ ಮೋಸಹೋಗಿರುತ್ತೇವೆ.

ಸ್ಕೇಲು ಎಲ್ಲಿಯವರೆಗೆ ಸಾಕು?

ರಾಯಚೂರು ಜಿಲ್ಲೆಯ ನಕ್ಷೆ ತೆಗೆದುಕೊಂಡು ಸಿಂಧನೂರಿನಿಂದ ಲಿಂಗಸುಗೂರಿಗೆ ಸ್ಕೇಲಿಟ್ಟು ಗೆರೆ ಎಳೆಯಿರಿ. ಗೆರೆ ಹೆಚ್ಚು ಕಡಿಮೆ ಮಸ್ಕಿಯ ಮೇಲೇ ಹಾಯುತ್ತದೆ. ಆಗಸದಲ್ಲಿ ಹಾರುವ ಹಕ್ಕಿಯ ದಾರಿಯೂ ಬಸ್ಸಿನ ದಾರಿಯೂ ಇಲ್ಲಿ ಬಹುಮಟ್ಟಿಗೆ ಒಂದೇ. ಎರೆಭೂಮಿಯ ಬಯಲಿನಲ್ಲಿ ರಸ್ತೆ ಹಾಕಿದವರಿಗೆ ಸುತ್ತಿ ಬಳಸುವ ಕಾರಣ ಹೆಚ್ಚಿರಲಿಲ್ಲ.

ಭೂಮಿ ದುಂಡಗಿದೆ, ನಕ್ಷೆಯ ಕಾಗದ ಚಪ್ಪಟೆ. ಹಾಗಾದರೆ ಈ ಗೆರೆಯಲ್ಲಿ ಎಷ್ಟು ತಪ್ಪಿದೆ? ಸಿಂಧನೂರಿನಿಂದ ಲಿಂಗಸುಗೂರಿಗೆ ನೆಲದೊಳಗೆ ಬಾಗದ, ಬಳುಕದ ಒಂದು ಸುರಂಗ ಕೊರೆದೆವು ಎಂದುಕೊಳ್ಳಿ. ಹಟ್ಟಿಯಲ್ಲಿ ಚಿನ್ನಕ್ಕಾಗಿ ನೆಲ ಕೊರೆಯುವ ತಾಲ್ಲೂಕು ಇದು, ಕಲ್ಪನೆ ಕಷ್ಟವಾಗಲಾರದು. ಭೂಮಿಯ ಬಾಗಿನಿಂದಾಗಿ ಆ ಸುರಂಗ ಮಸ್ಕಿಯ ಹತ್ತಿರ ನೆಲಮಟ್ಟದಿಂದ ಸುಮಾರು 50 ಮೀಟರ್ ಕೆಳಗಿರುತ್ತದೆ. ಆದರೆ ಸುರಂಗದ ಉದ್ದಕ್ಕೂ ಮೇಲಿನ ಬಾಗಿದ ನೆಲದ ಉದ್ದಕ್ಕೂ ಇರುವ ವ್ಯತ್ಯಾಸ ಸುಮಾರು 13 ಸೆಂಟಿಮೀಟರ್. ಒಂದು ಗೇಣಿಗೂ ಕಡಿಮೆ! ಐವತ್ತು ಕಿಲೋಮೀಟರಿಗೆ ಗೇಣು ಹೆಚ್ಚು ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ. ಜಿಲ್ಲೆಯೊಳಗೆ ಓಡಾಡುವವರಿಗೆ ಭೂಮಿ ಚಪ್ಪಟೆ ಎಂದೇ ಇಟ್ಟುಕೊಳ್ಳಬಹುದು.

ಈಗ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲಿಡಿ. ಶಾಲೆಯ ಗೋಡೆಗೆ ತೂಗುಹಾಕುವ ನಕ್ಷೆ ಎಷ್ಟೋ ಸಲ 1569ರಲ್ಲಿ ಮರ್ಕೇಟರ್ ಎಂಬಾತ ಹಡಗಿನವರಿಗಾಗಿ ರೂಪಿಸಿದ ಮಾದರಿಯ ಸಂತತಿ. ಅದರಲ್ಲಿ ಪೆಸಿಫಿಕ್ ಸಾಗರ ನಡುವೆ ಬರುವಂತೆ ಹಾಳೆ ಜೋಡಿಸಿ ನೇರ ಗೆರೆ ಎಳೆದು, ಆ ಗೆರೆಯ ಮೇಲೇ ಹಾರಿದರೆ ಸುಮಾರು 16,100 ಕಿಲೋಮೀಟರ್. ನಿಜವಾದ ಅತಿ ಕಡಿಮೆ ದೂರ ಸುಮಾರು 13,990. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಸುತ್ತು ಆ ನೇರ ಗೆರೆಯೊಳಗೆ ಅಡಗಿತ್ತು. ದುಂಡು ಭೂಮಿಯನ್ನು ಹೀಗೆ ಕಾಗದಕ್ಕೆ ಇಳಿಸುವಾಗ ಧ್ರುವಗಳ ಕಡೆಯ ನೆಲವನ್ನು ಹಿಗ್ಗಿಸಬೇಕಾಗುತ್ತದೆ. ಭಾರತಕ್ಕಿಂತ ಎಷ್ಟೋ ಚಿಕ್ಕದಾದ ಗ್ರೀನ್‌ಲ್ಯಾಂಡು ಆ ನಕ್ಷೆಯಲ್ಲಿ ಭಾರತಕ್ಕಿಂತ ಭಾರಿಯಾಗಿ ಕಾಣುವುದೂ ಇದರಿಂದಲೇ. ಉತ್ತರದಲ್ಲಿ ಹಿಗ್ಗಿದ ನೆಲ ನಮಗೆ ದೂರದಂತೆ ತೋರುತ್ತದೆ, ಹತ್ತಿರದ ದಾರಿ ಇರುವುದೋ ಅಲ್ಲೇ.

ಶಾಲೆಯಲ್ಲಿ ಭೂಗೋಳದ ಗುಂಡು ಇದ್ದರೆ ಒಂದು ದಾರ ತನ್ನಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಹೆಚ್ಚು ಕಡಿಮೆ ಉತ್ತರಕ್ಕೇ ಹೊರಟು, ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳ ಮೇಲೆ ಹಾಯ್ದು, ಆರ್ಕ್‌ಟಿಕ್ ಕರಾವಳಿಯನ್ನು ಸವರಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ಆ ದಾರವನ್ನು ಅದೇ ನೇರಕ್ಕೆ ಮುಂದುವರಿಸಿ ಗುಂಡಿನ ಸುತ್ತ ಪೂರ್ತಿ ಸುತ್ತಿದರೆ ಅದು ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುತ್ತದೆ. ವಿಮಾನದವರು ಇದನ್ನು ಗ್ರೇಟ್ ಸರ್ಕಲ್ ಎನ್ನುತ್ತಾರೆ, ನಾವು ನಡುಸುತ್ತು ಎನ್ನೋಣ. ಗುಂಡಿನ ಮೇಲೆ ಯಾವ ಎರಡು ಊರು ತೆಗೆದುಕೊಂಡರೂ ಅವುಗಳ ನಡುವಿನ ಅತಿ ಕಡಿಮೆ ದೂರ ಈ ನಡುಸುತ್ತಿನ ಒಂದು ತುಂಡೇ ಆಗಿರುತ್ತದೆ. ಟಿಕೆಟ್ ಮಾರುವವರು "ವಿಮಾನದ ದೂರ" ಎಂದು ಬರೆಯುವ ಅಂಕಿ ಇದರದ್ದು.

ಮಸ್ಕಿಯ ಬಂಡೆಯೂ ಭೂಮಿಯ ಸುತ್ತಳತೆಯೂ

ಈ ಲೆಕ್ಕಕ್ಕೆಲ್ಲ ಬುಡ ಭೂಮಿಯ ಸುತ್ತಳತೆ. ಅದು ಗೊತ್ತಿಲ್ಲದೆ ದಾರ ಎಳೆದರೂ ದೂರ ಸಿಕ್ಕುವುದಿಲ್ಲ. ಅದನ್ನು ಮೊದಲು ಅಳೆದ ಕಾಲಕ್ಕೂ ಮಸ್ಕಿಗೂ ಒಂದು ಸೋಜಿಗದ ಹೊಂದಿಕೆ ಇದೆ, ಸ್ವಲ್ಪ ದಾರಿ ತಪ್ಪಿದರೂ ಅದನ್ನು ಹೇಳಲೇಬೇಕು.

1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಮಸ್ಕಿಯ ಬೆಟ್ಟದಲ್ಲಿ ಬ್ರಾಹ್ಮಿ ಅಕ್ಷರಗಳಿದ್ದ ಬಂಡೆಯನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಬರೆಸಿದವನು ತನ್ನನ್ನು "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂದಷ್ಟೇ ಕರೆದುಕೊಂಡಿದ್ದ. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಇಬ್ಬರೂ ಒಬ್ಬನೇ ಎಂಬುದು ಗಟ್ಟಿಯಾದದ್ದು ಇಲ್ಲಿಂದ. ಇದೇ ಅಶೋಕ ತನ್ನ ಹದಿಮೂರನೇ ಬಂಡೆ ಶಾಸನದಲ್ಲಿ (ಅದರ ಒಂದು ಪ್ರತಿ ಮಸ್ಕಿಗೆ ತೀರ ದೂರವಲ್ಲದ ಎರ್ರಗುಡಿಯಲ್ಲೂ ಇದೆ) ಪಡುವಣದ ಐವರು ದೊರೆಗಳನ್ನು ಹೆಸರಿಸುತ್ತಾನೆ. ಅವರಲ್ಲಿ ಒಬ್ಬ ಈಜಿಪ್ಟಿನ ಟಾಲೆಮಿ, ಇನ್ನೊಬ್ಬ ಸೈರೀನಿನ ಮಗಸ್. ಸೈರೀನ್ ಇರುವುದು ಈಗಿನ ಲಿಬಿಯಾದಲ್ಲಿ. ಆ ಊರಿನಲ್ಲಿ ಹುಟ್ಟಿ, ಟಾಲೆಮಿಗಳ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಗ್ರಂಥಾಲಯದ ಮುಖ್ಯಸ್ಥನಾದವನು ಎರಟೋಸ್ತನೀಸ್. ಭೂಮಿಯನ್ನು ಅಳೆದವನು ಇವನೇ. ಬಂಡೆಗೆ ಅಕ್ಷರ ಬಿದ್ದದ್ದೂ ಭೂಮಿಗೆ ಅಳತೆ ಬಿದ್ದದ್ದೂ ಕ್ರಿ.ಪೂ. ಮೂರನೇ ಶತಮಾನದಲ್ಲೇ.

ಅವನಿಗೆ ಬೇಕಾದದ್ದು ಒಂದು ಕೋಲಿನ ನೆರಳು. ವರ್ಷದ ಅತಿ ದೊಡ್ಡ ಹಗಲಿನ ನಡುಮಧ್ಯಾಹ್ನ ಸಯೀನ್ ಎಂಬ ಊರಿನಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಿದ್ದ, ನೆರಳು ಬೀಳುತ್ತಿರಲಿಲ್ಲ. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತಿತ್ತು, ಅದರ ವಾರೆ ಒಂದು ಪೂರ್ಣ ಸುತ್ತಿನ ಐವತ್ತರಲ್ಲಿ ಒಂದು ಭಾಗ. ಹಾಗಾದರೆ ಎರಡು ಊರುಗಳ ನಡುವಿನ ದೂರದ ಐವತ್ತು ಪಟ್ಟು ಭೂಮಿಯ ಸುತ್ತಳತೆ. ಇಂದಿನ ಅಳತೆ ಸುಮಾರು 40,000 ಕಿಲೋಮೀಟರ್, ಅಂದರೆ ಸುತ್ತಿನ 360 ಡಿಗ್ರಿಯಲ್ಲಿ ಪ್ರತಿ ಡಿಗ್ರಿಗೆ 111.

ಸಿಂಧನೂರಿನ ಮೇಷ್ಟ್ರುಗಳಿಗೆ ಇದನ್ನು ಮಾಡಿ ತೋರಿಸಲು ಈಜಿಪ್ಟಿಗೆ ಹೋಗಬೇಕಿಲ್ಲ. ತಮ್ಮ ಊರಿನಲ್ಲೇ ಮೇ ಮೊದಲ ವಾರದಲ್ಲಿ ಒಂದು ದಿನ, ಆಗಸ್ಟ್ ಎರಡನೇ ವಾರದಲ್ಲಿ ಒಂದು ದಿನ ಸೂರ್ಯ ನೆತ್ತಿಗೆ ಬಂದು ಕೋಲಿನ ನೆರಳು ಮಾಯವಾಗುತ್ತದೆ. ಬೇಸಿಗೆಯಲ್ಲಿ ಉತ್ತರಕ್ಕೆ ಸರಿಯುವ ಸೂರ್ಯನಿಗೆ ಸಿಂಧನೂರಿನ ನೆತ್ತಿಯಿಂದ ಲಿಂಗಸುಗೂರಿನ ನೆತ್ತಿಗೆ ಹೋಗಲು ಒಂದು ದಿನಕ್ಕೂ ತುಸು ಹೆಚ್ಚು ಬೇಕು. ಆಗಸ್ಟಿನಲ್ಲಿ ಮೋಡ ಬಿಡಬೇಕಷ್ಟೆ.

ಅಳತೆಯ ದಾರಿ, ಹಾರುವ ದಾರಿ

ದಾರ ತೋರಿಸಿದ ದಾರಿಯಲ್ಲೇ ವಿಮಾನ ಹಾರುತ್ತದೆಯೇ? ಬಹಳ ಸಲ ಇಲ್ಲ. ಟಿಬೆಟ್ ಪ್ರಸ್ಥಭೂಮಿ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ವಿಮಾನದೊಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ಕೂಡಲೇ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು, ಪ್ರಯಾಣಿಕರ ಮುಖವಾಡದ ಆಮ್ಲಜನಕ ಬರುವುದು ಕೆಲವು ನಿಮಿಷ ಮಾತ್ರ. ಕೆಳಗೆ ನೆಲವೇ ನಾಲ್ಕೂವರೆ ಕಿಲೋಮೀಟರಿಗಿದ್ದರೆ ಎಲ್ಲಿಗೆ ಇಳಿಸುವುದು? ಹಾಗಾಗಿ ಹಿಮಾಲಯದ ಆಚೆಯ ಆ ಭಾಗವನ್ನು ಬಹುಪಾಲು ವಿಮಾನಗಳು ಬಳಸಿ ಹೋಗುತ್ತವೆ. ಇನ್ನು ದೇಶದೇಶಗಳ ಜಗಳ ಬೇರೆ. 2019ರ ಫೆಬ್ರವರಿ ಕೊನೆಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಯೂರೋಪಿಗೆ ಹೋಗುವವರ ದಾರಿ ಉದ್ದವಾಯಿತು. 2022ರಲ್ಲಿ ರಷ್ಯಾದ ಆಕಾಶ ಅಮೆರಿಕ, ಯೂರೋಪುಗಳ ಬಹುಪಾಲು ವಿಮಾನಗಳಿಗೆ ಇಲ್ಲವಾಯಿತು.

ಚಿಕ್ಕ ದಾರಿಗಳಲ್ಲಿ ಹೊತ್ತು ಕಳೆಯುವುದೇ ಬೇರೆ ಕಡೆ. ಬೆಂಗಳೂರಿನಿಂದ ಕಲಬುರಗಿ ಆಕಾಶದಲ್ಲಿ 465 ಕಿಲೋಮೀಟರಿನ ಸುಮಾರು. ದೊಡ್ಡ ಜೆಟ್ಟಿನ ವೇಗಕ್ಕೆ ಅರ್ಧ ಗಂಟೆ. ಆದರೆ 2019ರ ನವೆಂಬರಿನಲ್ಲಿ ಕಲಬುರಗಿ ನಿಲ್ದಾಣ ತೆರೆದಾಗ ಟಿಕೆಟ್ಟಿನ ಮೇಲಿದ್ದದ್ದು ಗಂಟೆಯ ಆಸುಪಾಸು. ರನ್‌ವೇ ತನಕ ಉರುಳುವುದು, ಏರುವುದು, ಇಳಿಯುವುದು, ಮತ್ತೆ ಉರುಳುವುದು, ಎಲ್ಲವೂ ಟಿಕೆಟ್ಟಿನ ಹೊತ್ತಿನಲ್ಲಿ ಸೇರಿದೆ. ಹೋಗುವಾಗಲೂ ಬರುವಾಗಲೂ ಸೇರಿದೆ. ಆದ್ದರಿಂದ ನಮ್ಮ ಒಗಟಿಗೆ ಇದು ಉತ್ತರವಲ್ಲ.

ಹೆಲಿಕಾಪ್ಟರು ಸುಮ್ಮನೆ ನಿಂತರೆ

ಈಗ ಆ ಜನಪ್ರಿಯ ಉತ್ತರಕ್ಕೆ ಬರೋಣ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಸಿಂಧನೂರಿನ ನೆಲ ನಮ್ಮನ್ನೆಲ್ಲ ಹೊತ್ತು ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಹಾಗಾದರೆ ಹೆಲಿಕಾಪ್ಟರಿನಲ್ಲಿ ಏರಿ ಒಂದು ಗಂಟೆ ಗಾಳಿಯಲ್ಲಿ ನಿಂತುಬಿಟ್ಟರೆ ಕೆಳಗೆ ಗೋವಾ ದಾಟಿ ಅರಬ್ಬಿ ಸಮುದ್ರದ ನಡುಭಾಗ ಬಂದಿರಬೇಕಲ್ಲ?

ಬರುವುದಿಲ್ಲ. ಕಾರಣ, ಏರುವ ಮುಂಚೆ ಹೆಲಿಕಾಪ್ಟರಿಗೂ ಅದೇ 1,600ರ ವೇಗವಿತ್ತು, ಏರಿದ ಮಾತ್ರಕ್ಕೆ ಅದು ಎಲ್ಲೂ ಹೋಗಲಿಲ್ಲ. ಸುತ್ತಲಿನ ಗಾಳಿಯೂ ನೆಲದ ಜತೆಗೇ ತಿರುಗುತ್ತಿದೆ. ತಿರುಗದೆ ನಿಂತಿದ್ದರೆ ನಮಗೆ ಗಂಟೆಗೆ 1,600 ಕಿಲೋಮೀಟರಿನ ಬಿರುಗಾಳಿ ಹೊಡೆಯುತ್ತಿತ್ತು. ಗಂಟೆಗೆ 250ರ ಚಂಡಮಾರುತಕ್ಕೇ ಮರ, ಮನೆ ಉಳಿಯುವುದಿಲ್ಲ. ಸಿಂಧನೂರಿನ ಗದ್ದೆಯಲ್ಲಿ ಭತ್ತದ ತೆನೆ ನೆಟ್ಟಗೆ ನಿಂತಿದೆ ಎಂಬುದೇ ಗಾಳಿ ನೆಲದ ಜತೆಗೆ ತಿರುಗುತ್ತಿದೆ ಎಂಬುದಕ್ಕೆ ಸಾಕ್ಷಿ.

ಈ ಉತ್ತರದ ಇನ್ನೊಂದು ಹುಳುಕನ್ನು ಯಾಕೋ ಯಾರೂ ಗಮನಿಸುವುದಿಲ್ಲ. ಭೂಮಿ ಪೂರ್ವಕ್ಕೆ ತಿರುಗುವುದೇ ಕಾರಣವಾಗಿದ್ದರೆ, ಪಶ್ಚಿಮದ ಲಂಡನ್ನು ವಿಮಾನದ ಕಡೆಗೇ ಓಡಿ ಬರುತ್ತಿರುತ್ತದೆ. ಹೋಗುವಾಗ ಬೇಗ, ಬರುವಾಗ ತಡ ಆಗಬೇಕಿತ್ತು. ಆಗುತ್ತಿರುವುದು ಅದಕ್ಕೆ ತದ್ವಿರುದ್ಧ! ಕಾರಣ ಹೇಳುವ ಉತ್ಸಾಹದಲ್ಲಿ ಕಾರಣ ಯಾವ ದಿಕ್ಕಿಗೆ ಎಳೆಯುತ್ತದೆ ಎಂದು ನೋಡುವುದನ್ನೇ ಮರೆತಿದ್ದೇವೆ.

ಗಾಳಿಗೂ ಹೊಳೆಗಳಿವೆ

ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎಂದರೆ ಅದು ನೆಲಕ್ಕೆ ಹೋಲಿಸಿದ ವೇಗವಲ್ಲ, ತನ್ನ ಸುತ್ತಲಿನ ಗಾಳಿಗೆ ಹೋಲಿಸಿದ್ದು. ರೆಕ್ಕೆಗೆ ನೆಲ ಗೊತ್ತಿಲ್ಲ, ಗಾಳಿ ಮಾತ್ರ ಗೊತ್ತು. ಲಿಂಗಸುಗೂರು ತಾಲ್ಲೂಕಿನ ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ. ಅಲ್ಲಿ ಹರಿಗೋಲು ಹಾಕುವವರು ಹುಟ್ಟನ್ನು ಎಷ್ಟೇ ಒಂದೇ ಸಮ ಹಾಕಿದರೂ ಸೆಳವಿನ ಜತೆ ಹೋಗುವಾಗ ದಡದ ಮರಗಳು ಬೇಗ ಬೇಗ ಹಿಂದೆ ಸರಿಯುತ್ತವೆ, ಸೆಳವಿಗೆ ಎದುರಾಗಿ ಹೋಗುವಾಗ ಮರ ಕದಲುವುದೇ ಇಲ್ಲ. ತೋಳು ಅದೇ, ಹರಿಗೋಲು ಅದೇ, ನೀರು ಬೇರೆ ಕಡೆ ಹೊರಟಿದೆ. ವಿಮಾನದ್ದೂ ಇದೇ ಪಾಡು.

ನೆಲದಿಂದ ಒಂಬತ್ತರಿಂದ ಹದಿಮೂರು ಕಿಲೋಮೀಟರ್ ಮೇಲೆ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಭೂಮಿಯನ್ನು ಸುತ್ತುವ ಗಾಳಿಯ ಪಟ್ಟಿಗಳಿವೆ. ಅಗಲ ಕೆಲವು ನೂರು ಕಿಲೋಮೀಟರ್, ದಪ್ಪ ಕೆಲವೇ ಕಿಲೋಮೀಟರ್, ವೇಗ ಸಾಮಾನ್ಯವಾಗಿ ಗಂಟೆಗೆ 150ರಿಂದ 250, ಕೆಲವೊಮ್ಮೆ 350ಕ್ಕೂ ಮೇಲೆ. ಹವಾಮಾನದವರು ಜೆಟ್ ಸ್ಟ್ರೀಮ್ ಎನ್ನುವ ಇವನ್ನು ಗಾಳಿಹೊಳೆ ಎನ್ನಬಹುದು. ಲಂಡನ್ನಿಗೆ ಹೋಗುವ ವಿಮಾನ ಇವುಗಳಿಗೆ ಎದುರಾಗಿ ಹೋಗುತ್ತದೆ, ಬರುವ ವಿಮಾನ ಇವುಗಳ ಬೆನ್ನೇರಿ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಬೆಂಗಳೂರು–ಲಂಡನ್ ಸುಮಾರು 8,000 ಕಿಲೋಮೀಟರ್. ಗಾಳಿಯೇ ಇಲ್ಲದಿದ್ದರೆ 900ರ ವೇಗಕ್ಕೆ 8 ಗಂಟೆ 53 ನಿಮಿಷ. ದಾರಿಯುದ್ದಕ್ಕೂ ಸರಾಸರಿ 50 ಕಿಲೋಮೀಟರಿನ ಪಡುವಣ ಗಾಳಿ ಇದೆ ಎನ್ನಿ, ಹೆಚ್ಚೇನಲ್ಲ. ಹೋಗುವಾಗ ನೆಲದ ಮೇಲಿನ ವೇಗ 850, ಹೊತ್ತು 9 ಗಂಟೆ 25 ನಿಮಿಷ. ಬರುವಾಗ 950, ಹೊತ್ತು 8 ಗಂಟೆ 25 ನಿಮಿಷ. ಸರಿಯಾಗಿ ಒಂದು ಗಂಟೆ! ಟಿಕೆಟ್ಟಿನಲ್ಲಿ ಇದರ ಮೇಲೆ ಕಾಣುವ ಉಳಿದ ಹೊತ್ತು ಏರಿಳಿತದ್ದು, ಉರುಳಿದ್ದು, ದಾರಿಯ ಬಳಸಾಟದ್ದು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೋಗುವಾಗ ಕಳೆದದ್ದನ್ನು ಬರುವಾಗ ಪೂರ್ತಿ ಗಳಿಸಲು ಆಗುವುದಿಲ್ಲ. ಮೇಲಿನ ಲೆಕ್ಕದಲ್ಲಿ ಗಾಳಿಯಿಲ್ಲದಿದ್ದರೆ ಹೋಗಿ ಬರಲು 17 ಗಂಟೆ 47 ನಿಮಿಷ, ಗಾಳಿಯಿದ್ದರೆ 17 ಗಂಟೆ 50 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಬೆನ್ನುಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ. ನಷ್ಟಕ್ಕೆ ಹೆಚ್ಚು ಅವಕಾಶ, ಲಾಭಕ್ಕೆ ಕಡಿಮೆ. ಮೂರು ನಿಮಿಷ ಚಿಲ್ಲರೆಯೆನಿಸಬಹುದು. ಗಾಳಿ ಬಲವಾದಷ್ಟೂ ಆ ಚಿಲ್ಲರೆ ದೊಡ್ಡದಾಗುತ್ತ ಹೋಗುತ್ತದೆ.

2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ಸಿಯಾರಾ ಬಿರುಗಾಳಿಯ ಹೊತ್ತಿಗೆ ನ್ಯೂಯಾರ್ಕಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು 4 ಗಂಟೆ 56 ನಿಮಿಷಕ್ಕೆ ಲಂಡನ್ ಮುಟ್ಟಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ದಾಟಿತ್ತು. ಶಬ್ದದ ವೇಗ ಮೀರಿತಲ್ಲ ಎಂದು ಕೇಳಬಹುದು. ಮೀರಲಿಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು, ಗಾಳಿಯೇ ಓಡುತ್ತಿತ್ತು.

ಹೊಳೆ ಪೂರ್ವಕ್ಕೇ ಯಾಕೆ ಹರಿಯುತ್ತದೆ?

ಭೂಮಿಯ ತಿರುಗಾಟ ಮರಳಿ ಬರುವುದು ಇಲ್ಲಿ. ಸಮಭಾಜಕದ ಬಳಿ ಬಿಸಿಲು ಹೆಚ್ಚು. ಅಲ್ಲಿ ಕಾದ ಗಾಳಿ ಮೇಲೇರಿ, ಎತ್ತರದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಹರಡಿಕೊಳ್ಳುತ್ತದೆ. ಸಮಭಾಜಕದಲ್ಲಿದ್ದಾಗ ಆ ಗಾಳಿ ನೆಲದ ಜತೆಗೆ ಗಂಟೆಗೆ 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿತ್ತು. ಉತ್ತರಕ್ಕೆ ಹೋದಂತೆ ಕೆಳಗಿನ ನೆಲ ನಿಧಾನವಾಗುತ್ತ ಹೋಗುತ್ತದೆ, ಯಾಕೆಂದರೆ ದಿನಕ್ಕೆ ಅದು ಸುತ್ತಬೇಕಾದ ವೃತ್ತ ಕಿರಿದು. ದೆಹಲಿಯಿಂದ ತುಸು ಉತ್ತರಕ್ಕೆ, 30 ಡಿಗ್ರಿ ಅಕ್ಷಾಂಶದಲ್ಲಿ, ನೆಲದ ವೇಗ ಗಂಟೆಗೆ 1,446 ಮಾತ್ರ. ದಕ್ಷಿಣದಿಂದ ಬಂದ ಗಾಳಿ ತನ್ನ ಹಳೆಯ ವೇಗವನ್ನೇ ಉಳಿಸಿಕೊಂಡಿದ್ದರೂ ಅಲ್ಲಿ ನೆಲವನ್ನು ಹಿಂದೆ ಹಾಕಿ ಗಂಟೆಗೆ 220 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡಬೇಕು.

ನಿಜದಲ್ಲಿ ಗಾಳಿಯ ವೇಗ ಉಳಿಯುವುದಿಲ್ಲ, ಹೆಚ್ಚುತ್ತದೆ. ಸುತ್ತುವ ವಸ್ತು ತಿರುಗುವ ಅಚ್ಚಿಗೆ ಹತ್ತಿರ ಬಂದಷ್ಟೂ ಬೇಗ ಸುತ್ತುತ್ತದೆ ಎಂಬುದು ನಿಸರ್ಗದ ಕಟ್ಟಳೆ. ಉತ್ತರಕ್ಕೆ ಸರಿದ ಗಾಳಿ ಭೂಮಿಯ ಅಚ್ಚಿಗೆ ಹತ್ತಿರ ಬಂದಿರುತ್ತದೆ. ಈ ಕಟ್ಟಳೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ 30 ಡಿಗ್ರಿಯಲ್ಲಿ ಪೂರ್ವಕ್ಕೆ ಓಡುವ ಗಾಳಿಯ ವೇಗ ಗಂಟೆಗೆ 480 ಕಿಲೋಮೀಟರ್ ಬರುತ್ತದೆ. ಉಜ್ಜಾಟ, ದೊಡ್ಡ ದೊಡ್ಡ ಸುಳಿಗಳು ಅದರ ಬಹುಪಾಲನ್ನು ತಿಂದು ಹಾಕುವುದರಿಂದ ನಮಗೆ ಸಾಮಾನ್ಯವಾಗಿ ಸಿಕ್ಕುವುದು ಅರ್ಧದಷ್ಟು, ಇಲ್ಲವೇ ಅದಕ್ಕೂ ಕಡಿಮೆ. ಇನ್ನೂ ಉತ್ತರದಲ್ಲಿ, ಧ್ರುವದ ತಣ್ಣನೆಯ ಗಾಳಿಯೂ ಈ ಕಡೆಯ ಬೆಚ್ಚನೆಯ ಗಾಳಿಯೂ ಮುಖಾಮುಖಿಯಾಗುವಲ್ಲಿ, ಮತ್ತೊಂದು ಹೊಳೆ ಅಂಕುಡೊಂಕಾಗಿ ಹರಿಯುತ್ತದೆ. ಚಳಿಗಾಲದಲ್ಲಿ ಬಿಸಿಲುನಾಡಿಗೂ ಚಳಿನಾಡಿಗೂ ವ್ಯತ್ಯಾಸ ಹೆಚ್ಚು, ಆಗ ಎರಡೂ ಹೊಳೆಗಳು ತುಂಬಿ ಹರಿಯುತ್ತವೆ.

"ಭೂಮಿ ತಿರಗತೈತಲ್ಲ" ಎಂದವರಿಗೆ ಇಷ್ಟು ಮಟ್ಟಿನ ಗೆಲುವು ಸಲ್ಲಬೇಕು. ತಿರುಗುವ ಭೂಮಿ ಲಂಡನ್ನನ್ನು ಹತ್ತಿರ ತರುವುದಿಲ್ಲ, ದೂರ ಒಯ್ಯುವುದೂ ಇಲ್ಲ. ಅದು ಗಾಳಿಯನ್ನು ಪೂರ್ವಕ್ಕೆ ತಿರುಗಿಸುತ್ತದೆ, ಗಾಳಿ ನಮ್ಮ ಒಂದು ಗಂಟೆಯನ್ನು ಕೊಡುತ್ತದೆ, ಕೀಳುತ್ತದೆ.

ಯಾರೂ ಓದದ ವರದಿ

ಈ ಹೊಳೆಯನ್ನು ಮೊದಲು ಅಳೆದವರಲ್ಲಿ ಜಪಾನಿನ ವಾಸಬುರೋ ಓಯಿಶಿ ಮುಖ್ಯ. 1920ರ ದಶಕದಲ್ಲಿ ಟೋಕಿಯೋದ ಹತ್ತಿರದ ತತೆನೋ ಎಂಬಲ್ಲಿ ಬಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಲ್ಲಿ ಅವುಗಳ ಬೆನ್ನು ಹತ್ತಿ, ಎತ್ತರದಲ್ಲಿ ಅತಿ ವೇಗದ ಪಡುವಣ ಗಾಳಿ ಇರುವುದನ್ನು ಕಂಡುಕೊಂಡ. ಜಗತ್ತೆಲ್ಲ ಓದಲಿ ಎಂದು ವರದಿಯನ್ನು ಎಸ್ಪೆರಾಂಟೋ ಎಂಬ ಹೊಸದಾಗಿ ಕಟ್ಟಿದ ವಿಶ್ವಭಾಷೆಯಲ್ಲಿ ಬರೆದ. ಪರಿಣಾಮವಾಗಿ ಜಗತ್ತಿನಲ್ಲಿ ಹೆಚ್ಚು ಕಡಿಮೆ ಯಾರೂ ಓದಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಎತ್ತರದಲ್ಲಿ ಬಂದ ಅಮೆರಿಕದ ಬಿ-29 ವಿಮಾನಗಳು ಇದೇ ಹೊಳೆಗೆ ಸಿಕ್ಕಿ ಗುರಿ ತಪ್ಪಿದವು. ಅದೇ ಯುದ್ಧದ ಕೊನೆಯ ತಿಂಗಳುಗಳಲ್ಲಿ ಜಪಾನು ಸಾವಿರಾರು ಬಲೂನುಗಳಿಗೆ ಬಾಂಬು ಕಟ್ಟಿ ಈ ಹೊಳೆಯಲ್ಲೇ ಪೆಸಿಫಿಕ್ ದಾಟಲು ಹಾರಿಬಿಟ್ಟಿತು, ಕೆಲವು ಅಮೆರಿಕದ ನೆಲ ಮುಟ್ಟಿದವು.

ನಮ್ಮ ನೆತ್ತಿಯ ಮೇಲೆ ಉಲ್ಟಾ ಹೊಳೆ

ಚಳಿಗಾಲದಲ್ಲಿ ಪಡುವಣ ಗಾಳಿಹೊಳೆ ಉತ್ತರ ಭಾರತದ ಮೇಲೆ, ಹಿಮಾಲಯದ ದಕ್ಷಿಣ ಮಗ್ಗುಲಿಗೆ ಹರಿಯುತ್ತದೆ. ಬೇಸಿಗೆ ಬಲಿತು ಮುಂಗಾರು ಹಿಡಿಯುವ ಹೊತ್ತಿಗೆ ಅದು ಟಿಬೆಟಿನ ಆಚೆಗೆ ಸರಿಯುತ್ತದೆ. ಆಗ ನಮ್ಮ ದಖನ್ನಿನ ಮೇಲೆ ಖಾಲಿ ಆಕಾಶವೇನೂ ಇರುವುದಿಲ್ಲ, ಅಲ್ಲಿ ಇನ್ನೊಂದು ಹೊಳೆ ಹುಟ್ಟುತ್ತದೆ, ಪೂರ್ವದಿಂದ ಪಶ್ಚಿಮಕ್ಕೆ! ಬೇಸಿಗೆಯಲ್ಲಿ ಕಾದ ಟಿಬೆಟಿನ ಎತ್ತರದ ನೆಲದ ಮೇಲಿನ ಗಾಳಿ ಬೆಚ್ಚಗಾಗಿ, ದಕ್ಷಿಣದ ಸಾಗರದ ಮೇಲಿನ ಗಾಳಿ ತಣ್ಣಗಿರುವುದರಿಂದ ಎಂದಿನ ಲೆಕ್ಕ ತಿರುವುಮುರುವಾಗುತ್ತದೆ. ಈ ಮೂಡಣ ಗಾಳಿಹೊಳೆಯನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ಪಿ. ಕೋಟೇಶ್ವರಂ, ಮುಂದೆ ಭಾರತ ಹವಾಮಾನ ಇಲಾಖೆಯ ಮುಖ್ಯಸ್ಥರಾದವರು. ಇದರ ನಡುಹರಿವು ಸುಮಾರು 10ರಿಂದ 15 ಡಿಗ್ರಿ ಅಕ್ಷಾಂಶದಲ್ಲಿ, 14 ಕಿಲೋಮೀಟರಿನ ಆಸುಪಾಸಿನ ಎತ್ತರದಲ್ಲಿ. ಮಸ್ಕಿ 16 ಡಿಗ್ರಿಯಲ್ಲಿದೆ. ಜುಲೈನಲ್ಲಿ ಅಲ್ಲಿ ನೆಲದ ಮೇಲೆ ಬೀಸುವ ಮುಂಗಾರು ಗಾಳಿ ಪೂರ್ವಕ್ಕೆ ಹೊರಟಿದ್ದರೆ, ಅದರ ಮೇಲೆ ಹದಿನಾಲ್ಕು ಕಿಲೋಮೀಟರಿನ ಆಸುಪಾಸಿನಲ್ಲಿ ಗಾಳಿ ಆಫ್ರಿಕಾದ ಕಡೆಗೆ ಓಡುತ್ತಿರುತ್ತದೆ.

ಹಾಗಾಗಿ "ಪೂರ್ವಕ್ಕೆ ಬೇಗ, ಪಶ್ಚಿಮಕ್ಕೆ ತಡ" ಎಂಬುದನ್ನು ಎಲ್ಲ ದಾರಿಗೂ ಎಲ್ಲ ತಿಂಗಳಿಗೂ ಹೊಂದಿಸಬೇಡಿ. ಬೆಂಗಳೂರಿನಿಂದ ದುಬೈಗೆ ಹೋಗುವ ವಿಮಾನಕ್ಕೆ ಮಳೆಗಾಲದಲ್ಲಿ ಮೊದಲ ಹಂತದ ಗಾಳಿ ಬೆನ್ನಿಗೇ ಇರಬಹುದು.

ಉದ್ದದ ದಾರಿ, ಕಡಿಮೆ ಹೊತ್ತು

ಇಷ್ಟು ತಿಳಿದರೆ 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಮಾಡಿದ್ದು ಹುಚ್ಚೆನಿಸುವುದಿಲ್ಲ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅದರ ವಿಮಾನ ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿಲೋಮೀಟರ್ ಹಾರುತ್ತಿತ್ತು. ಅದನ್ನು ಬಿಟ್ಟು ಪೂರ್ವಕ್ಕೆ, ಪೆಸಿಫಿಕ್ ಮೇಲಿನಿಂದ 15,300 ಕಿಲೋಮೀಟರಿನ ದಾರಿ ಹಿಡಿಯಿತು. 1,400 ಕಿಲೋಮೀಟರ್ ಹೆಚ್ಚು ಹಾರಿ, ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಮುಂಚಿಗಿಂತ ಎರಡು ಗಂಟೆಯಷ್ಟು ಬೇಗ ತಲುಪಿತು. 2017ರಲ್ಲಿ ಮಹಿಳೆಯರೇ ನಡೆಸಿದ ಅದರ ವಿಮಾನವೊಂದು ಹೋಗುವಾಗ ಪೆಸಿಫಿಕ್ ದಾಟಿ, ಬರುವಾಗ ಅಟ್ಲಾಂಟಿಕ್ ದಾಟಿತು. ಹೋದದ್ದೂ ಪೂರ್ವಕ್ಕೆ, ಬಂದದ್ದೂ ಪೂರ್ವಕ್ಕೆ, ಭೂಮಿಗೆ ಒಂದು ಸುತ್ತು.

ಬೆಂಗಳೂರಿಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ವಿಮಾನ ಮೊದಲು ಬಂದಿಳಿದದ್ದು 2021ರ ಜನವರಿ 11ರ ನಸುಕಿನಲ್ಲಿ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗ ಮಹಿಳಾ ಪೈಲಟ್‌ಗಳ ಕೈಯಲ್ಲಿ. ಹೊರಟದ್ದು ಅಲ್ಲಿನ 9ರ ರಾತ್ರಿ, ಹಾರಿದ್ದು ಸುಮಾರು 17 ಗಂಟೆ. ನಡುಸುತ್ತಿನ ದಾರಿ ಉತ್ತರದಲ್ಲಿ 71 ಡಿಗ್ರಿವರೆಗೆ ಹೋಗಿ ತಿರುಗುತ್ತದೆ, ಈ ವಿಮಾನ ಅಲ್ಲಿಗೂ ನಿಲ್ಲದೆ ಉತ್ತರ ಧ್ರುವದ ಮೇಲೇ ಹಾಯ್ದು ಬಂತು. ಅಳತೆಯಲ್ಲಿ ಅದು ಮುನ್ನೂರೆಪ್ಪತ್ತು ಕಿಲೋಮೀಟರಿನಷ್ಟು ಸುತ್ತು. ಆದರೆ ಗಾಳಿಹೊಳೆಗಳಿರುವುದು ಅದಕ್ಕಿಂತ ತುಂಬ ದಕ್ಷಿಣದಲ್ಲಿ. ಜನವರಿಯಲ್ಲಿ ತುಂಬಿ ಹರಿಯುವ ಪೆಸಿಫಿಕ್ ಹೊಳೆಗೆ ಎದುರು ಬೀಳದೆ ಬರಲು ಧ್ರುವ ಒಳ್ಳೆಯ ದಾರಿ.

ಇಂಥ ಆಯ್ಕೆಯನ್ನು ಕಂಪನಿಗಳು ವರ್ಷಕ್ಕೊಮ್ಮೆ ಮಾಡುವುದಿಲ್ಲ, ಪ್ರತಿ ಹಾರಾಟಕ್ಕೂ ಮಾಡುತ್ತವೆ. ಅಟ್ಲಾಂಟಿಕ್ ಮೇಲಿನ ವಿಮಾನದಾರಿಗಳನ್ನು ಗಾಳಿ ನೋಡಿ ದಿನಕ್ಕೆ ಎರಡು ಬಾರಿ ಹೊಸದಾಗಿ ಹಾಕುತ್ತಾರೆ. ಅದಕ್ಕೆ ಬೇಕಾದ ಗಾಳಿಯ ಸುದ್ದಿಯ ಒಂದು ಪಾಲು ಇಂದಿಗೂ ಓಯಿಶಿಯ ಉಪಾಯದಿಂದಲೇ ಬರುತ್ತದೆ. ಬೆಂಗಳೂರು, ಹೈದರಾಬಾದ್, ಗೋವಾ ಸೇರಿದಂತೆ ಜಗತ್ತಿನ ನೂರಾರು ಕಡೆ ಒಂದೇ ಹೊತ್ತಿಗೆ, ನಮ್ಮ ಗಡಿಯಾರದ ಬೆಳಿಗ್ಗೆ ಐದೂವರೆ ಮತ್ತು ಸಂಜೆ ಐದೂವರೆಯ ಲೆಕ್ಕಕ್ಕೆ, ಬಲೂನುಗಳು ಏರುತ್ತವೆ. ಉಪಗ್ರಹಗಳೂ, ಹಾರುತ್ತಿರುವ ವಿಮಾನಗಳೂ ತಮ್ಮ ಪಾಲಿನ ಸುದ್ದಿ ಸೇರಿಸುತ್ತವೆ.

ಮನೆಯಲ್ಲಿ ಈ ಪ್ರಶ್ನೆ ಮತ್ತೆ ಎದ್ದರೆ ಮೊಬೈಲಿನಲ್ಲಿ ಬೆಂಗಳೂರು–ಲಂಡನ್ ಟಿಕೆಟ್ ತೆರೆದು, ಹೋಗುವ ಹೊತ್ತು, ಬರುವ ಹೊತ್ತು ಎರಡನ್ನೂ ಜನವರಿಗೆ ಒಮ್ಮೆ, ಜುಲೈಗೆ ಒಮ್ಮೆ ನೋಡಿ. ಹೊರಡುವ, ತಲುಪುವ ಗಡಿಯಾರದ ಅಂಕಿಗಳನ್ನು ಕಳೆಯಬೇಡಿ, ಅವು ಆಯಾ ಊರಿನ ಗಂಟೆ. ಒಟ್ಟು ಪ್ರಯಾಣದ ಅವಧಿ ಎಂದು ಬೇರೆಯಾಗಿ ಬರೆದಿರುತ್ತದೆ, ಹೋಲಿಸಬೇಕಾದದ್ದು ಅದನ್ನು.